‘ಸು ಫ್ರಮ್ ಸೋ’, ‘ಮಹಾವತಾರ್ ನರಸಿಂಹ’: ತುಮಕೂರಿನಲ್ಲಿ ಎರಡನ್ನೂ ಎರಡೆರಡು ಸಲ ನೋಡಿದ ಮೇಲೆ

2025ರ ಜುಲೈ 25, ಶುಕ್ರವಾರ. ಹಿಂದಿನ ದಿನವಷ್ಟೇ ಭೀಮನ ಅಮಾವಾಸ್ಯೆ ಮುಗಿದಿತ್ತು. ಅವತ್ತು ಒಂದೇ ದಿನ ಎರಡು ಸಿನಿಮಾ ಬಂದವು. ಒಂದು, ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿ ತಾವೇ ನಟಿಸಿದ ನಗೆಚಿತ್ರ ‘ಸು ಫ್ರಮ್ ಸೋ’. ಇನ್ನೊಂದು, ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’. ನಾವು ವರ್ಷಕ್ಕೆ ನಾಲ್ಕೈದು ಸಿನಿಮಾಗೆ ಹೋಗುವವರು. ಮಗ ‘ನರಸಿಂಹ’ ಅಂದ, ನಮ್ಮನೆಯವರು ‘ಸು ಫ್ರಮ್ ಸೋ’ ಅಂದರು. ಕೊನೆಗೆ ಎರಡಕ್ಕೂ ಹೋದೆವು. ಆಮೇಲೆ ಎರಡೂ ಟಿವಿಗೆ ಬಂದಾಗ ಮನೆಯಲ್ಲೇ ಮತ್ತೊಮ್ಮೆ ನೋಡಿದೆವು. ಹಾಗಾಗಿ ನಾನು ಹೇಳುವುದು ಎರಡು ಸಲ ನೋಡಿದ ಮೇಲಿನ ಮಾತು.

ಮೊದಲು ನೋಡಿದ್ದು ನರಸಿಂಹ. ‘ಸು ಫ್ರಮ್ ಸೋ’ಗೆ ಮೊದಲ ಭಾನುವಾರ ಟಿಕೆಟ್ ಸಿಗಲಿಲ್ಲ, ಅದಕ್ಕೆ. ಕಥೆ ಗೊತ್ತಿರುವುದೇ: ಕಶ್ಯಪ ಮತ್ತು ದಿತಿಯಿಂದ ಶುರುವಾಗಿ, ಹಿರಣ್ಯಾಕ್ಷ, ವರಾಹಾವತಾರ, ಆಮೇಲೆ ಪ್ರಹ್ಲಾದ. ಗೊತ್ತಿರುವ ಕಥೆಯನ್ನು ಕೂರಿಸಿ ನೋಡಿಸುವುದು ಸುಲಭವಲ್ಲ, ಇವರು ಅದನ್ನು ಮಾಡಿದ್ದಾರೆ. ವರಾಹ ಭೂಮಿಯನ್ನು ಎತ್ತುವ ಭಾಗ ಪರದೆ ತುಂಬ ಬಂದಾಗ ನಮ್ಮತ್ತೆ ಕೂತಲ್ಲೇ ಕೈ ಮುಗಿದರು. ಕಂಬ ಸೀಳುವ ಹೊತ್ತಿಗೆ ಮಗ ನನ್ನ ಮುಂಗೈ ಹಿಡಿದವನು ಬಿಡಲೇ ಇಲ್ಲ. ಹೊರಗೆ ಬಂದಾಗ ಬಳೆಯ ಗುರುತು ಚರ್ಮದಲ್ಲಿ ಕೂತಿತ್ತು. ಅನಿಮೇಷನ್ ಅಂದರೆ ಮಕ್ಕಳ ಕಾರ್ಟೂನು ಅಂತ ನಮ್ಮಲ್ಲಿ ಇನ್ನೂ ಅಂದುಕೊಂಡವರಿದ್ದಾರೆ. ಅಂಥವರನ್ನು ಈ ಕೊನೆಯ ಅರ್ಧ ಗಂಟೆಗಾದರೂ ಕರೆದುಕೊಂಡು ಹೋಗಬೇಕು.

ನನಗೆ ಕೊರತೆ ಕಂಡದ್ದು ಮಾತಿನಲ್ಲಿ. ಕನ್ನಡ ಅವತರಣಿಕೆಯಲ್ಲಿ ಪದಗಳೆಲ್ಲ ಸರಿಯಾಗಿವೆ, ಉಚ್ಚಾರಣೆ ಶುದ್ಧವಾಗಿದೆ. ಆದರೆ ಪಾತ್ರದ ಮುಖ ಒಂದು ಭಾವದಲ್ಲಿದ್ದರೆ ದನಿ ಇನ್ನೊಂದರಲ್ಲಿ ಇರುತ್ತದೆ. ಅತ್ತೆ ಇಂಟರ್‌ವಲ್‌ನಲ್ಲಿ ಅಂದದ್ದು ಇಷ್ಟೇ: ‘ಚಿತ್ರ ಚೆಂದಾಗೈತೆ ಕಣವ್ವ, ಮಾತು ಮಾತ್ರ ಪುಸ್ತಕ ಓದ್ದಂಗೈತೆ.’ ಗ್ರಾಂಥಿಕ ಭಾಷೆ ಅಂತ ಅವರು ಹಾಗಂದದ್ದಲ್ಲ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಕಿರೀಟ ಇಟ್ಟು, ಹಾರ್ಮೋನಿಯಂ ಮೇಷ್ಟ್ರು ಕೊಟ್ಟ ಶ್ರುತಿಗೆ ಉದ್ದುದ್ದ ಮಾತು ಹೇಳುತ್ತಾರೆ. ಆ ಮಾತೂ ಗ್ರಾಂಥಿಕವೇ, ಆದರೆ ಅದಕ್ಕೆ ಉಸಿರಿರುತ್ತದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು ಆಗಿದ್ದ ರಾಜ್‌ಕುಮಾರ್ ದನಿಯನ್ನು ಒಮ್ಮೆ ಕೇಳಿದ ಕಿವಿ ಹೋಲಿಸದೆ ಇರುವುದಿಲ್ಲ. ಅದರಲ್ಲಿ ಮಗನಾಗಿದ್ದದ್ದು ಬಾಲಕ ಪುನೀತ್. ಆ ಅಪ್ಪನ ಸಿಟ್ಟಿನ ಒಳಗೆ ಮಗನ ಮೇಲಿನ ಮೋಹವೂ ಕೇಳಿಸುತ್ತಿತ್ತು. ಈ ಚಿತ್ರದಲ್ಲಿ ನನಗೆ ಸಿಟ್ಟು ಮಾತ್ರ ಕೇಳಿಸಿತು.

ಮರುವಾರ ‘ಸು ಫ್ರಮ್ ಸೋ’. ತುಂಬಿದ ಟಾಕೀಸು. ಕರಾವಳಿಯ ಒಂದು ಊರು. ಅಶೋಕ ಎಂಬ ಹುಡುಗ ಕುಡಿದ ಮತ್ತಿನಲ್ಲಿ ಮಾಡಬಾರದ್ದು ಮಾಡಿ ಸಿಕ್ಕಿಬೀಳುತ್ತಾನೆ, ಬಚಾವಾಗಲು ಮೈಮೇಲೆ ದೆವ್ವ ಬಂದಂತೆ ಆಡುತ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರೇ ನಂಬುತ್ತದೆ. ಅವರ ಕನ್ನಡ ನಮ್ಮ ಕನ್ನಡವಲ್ಲ. ನಾವು ‘ಏನ್ಲಾ’ ಅನ್ನುವ ಕಡೆ ಅವರು ‘ಎಂತ ಮಾರಾಯ’ ಅನ್ನುತ್ತಾರೆ. ಮೊದಲ ಹತ್ತು ನಿಮಿಷ ಅತ್ತೆ ‘ಏನಂದ? ಏನಂದ?’ ಅಂತ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಬಾವನ ಪಾತ್ರ ಬಂದಾಗಲಂತೂ ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿಕೊಂಡು ನಗುತ್ತಿದ್ದರು. ಎಷ್ಟೋ ವರ್ಷದಿಂದ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಾಸ್ಯ ಚಕ್ರವರ್ತಿ ನರಸಿಂಹರಾಜು ನಮ್ಮ ಜಿಲ್ಲೆಯವರು, ಟಿ.ಆರ್. ನರಸಿಂಹರಾಜು ಅನ್ನುವುದರಲ್ಲಿ ‘ಟಿ’ ಅಂದರೆ ತಿಪಟೂರು. ಆ ಕಾಲದಲ್ಲಿ ನಗಿಸುವ ಕೆಲಸಕ್ಕೆ ಅಂತ ಒಬ್ಬರು ಇರುತ್ತಿದ್ದರು, ಅವರು ಬಂದರೆ ಮಾತ್ರ ನಗು. ‘ಸು ಫ್ರಮ್ ಸೋ’ದಲ್ಲಿ ಇಡೀ ಊರೇ ಆ ಕೆಲಸ ಹಂಚಿಕೊಂಡಿದೆ. ಆಟೋ ಓಡಿಸುವವನು, ಎಲ್ಲರಿಗೂ ಬೇಕಾದ ರವಿಯಣ್ಣ, ರಾಜ್ ಬಿ. ಶೆಟ್ಟಿ ಮಾಡಿದ ಗುರೂಜಿ, ಯಾರೂ ನಗಿಸಲು ಬಂದವರಂತೆ ಕಾಣುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಕಷ್ಟದಲ್ಲಿ ತಾವು ಮುಳುಗಿರುತ್ತಾರೆ. 2023ರಲ್ಲಿ ಬಂದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ಯಲ್ಲೂ ಹೀಗೇ ಗುಂಪು ಇತ್ತು. ಅದು ನನ್ನಕ್ಕನ ಮಗನಿಗೆ ಪ್ರಾಣ, ಅವನು ಹಾಸ್ಟೆಲಿನಲ್ಲಿ ಓದಿದವನು. ನನಗೆ ಆ ಗದ್ದಲದಲ್ಲಿ ಯಾರು ಯಾರು ಅನ್ನುವುದೇ ಅರ್ಧ ಸಿನಿಮಾ ತಿಳಿಯಲಿಲ್ಲ.

ಆದರೂ ‘ಸು ಫ್ರಮ್ ಸೋ’ ಮೇಲೆ ನನಗೆ ಒಂದು ತಕರಾರಿದೆ, ಸಣ್ಣದಲ್ಲ. ಅಶೋಕ ಮಾಡುವ ತಪ್ಪು, ಹುಡುಗಿ ಸ್ನಾನ ಮಾಡುವಲ್ಲಿ ಇಣುಕಲು ಹೋಗುವುದು. ಕಥೆ ಅದರ ಮೇಲೇ ನಿಂತಿದೆ. ಆ ಹುಡುಗಿಗೆ ಏನನ್ನಿಸಿತು ಅನ್ನುವುದಕ್ಕೆ ಸಿನಿಮಾ ಸಾಕಷ್ಟು ಜಾಗ ಕೊಡಲಿಲ್ಲ ಅಂತ ನನಗೆ ಅನ್ನಿಸಿತು. ಮುಂದೆ ಇನ್ನೊಬ್ಬ ಹೆಣ್ಣಿನ ಕಷ್ಟಕ್ಕೆ ಊರು ನಿಲ್ಲುವುದನ್ನು ಅಷ್ಟು ಚೆನ್ನಾಗಿ ತೋರಿಸಿದವರು ಇದನ್ನೂ ತೋರಿಸಬಹುದಿತ್ತು. ಮನೆಗೆ ಬರುವ ದಾರಿಯಲ್ಲಿ ಇದನ್ನು ಹೇಳಿದಾಗ ನಮ್ಮನೆಯವರು ‘ಹೌದಲ್ಲ’ ಅಂದರು.

ಇನ್ನು ಮನೆಯ ಟಿವಿ. ಎರಡೂ ಚಿತ್ರಗಳು ಇಲ್ಲಿ ಬೇರೆಯೇ ಆದವು. ನರಸಿಂಹ ಚಿಕ್ಕದಾಯಿತು. ಟಾಕೀಸಿನಲ್ಲಿ ಎದೆಗೆ ಬಡಿದ ಗರ್ಜನೆ, ಅಡುಗೆಮನೆಯ ಕುಕ್ಕರ್ ಕೂಗಿನ ಜೊತೆ ಸ್ಪರ್ಧೆಗೆ ಬಿತ್ತು. ಮಗ ಮೊದಲ ಭಾಗ ದಾಟಿಸಿ ಸೀದಾ ಕಂಬದ ಹತ್ತಿರ ಹೋದ, ಯುದ್ಧ ಮೂರು ಸಲ ನೋಡಿದ. ಆ ಯುದ್ಧ ಉದ್ದವಾಯಿತು ಅಂತ ನನಗೆ ಗೊತ್ತಾದದ್ದೂ ಆಗಲೇ. ‘ಸು ಫ್ರಮ್ ಸೋ’ಗೆ ಜನರ ನಗು ಇಲ್ಲದೆ ಸಪ್ಪೆಯಾಗುತ್ತದೆ ಅಂದುಕೊಂಡಿದ್ದೆ, ನಿಜಕ್ಕೂ ಮೊದಲ ಅರ್ಧದಲ್ಲಿ ನಗು ಕಡಿಮೆಯಾಯಿತು. ಆದರೆ ಟಾಕೀಸಿನ ಗದ್ದಲದಲ್ಲಿ ಕಳೆದುಹೋಗಿದ್ದ ಎಷ್ಟೋ ಮಾತು ಈಗ ಕೇಳಿಸಿತು, ಸುಲೋಚನಾಳ ಮಗಳು ಭಾನುವಿನ ದೃಶ್ಯಗಳು ಇನ್ನೂ ಹತ್ತಿರ ಬಂದವು. ಟಾಕೀಸಿನಲ್ಲಿ ನಕ್ಕ ಅತ್ತೆ ಇಲ್ಲಿ ಕಣ್ಣು ಒರೆಸಿಕೊಂಡರು.

ಅನಿಮೇಷನ್‌ಗೆ ಮನೆಯ ಟಿವಿ ಯಾವಾಗಲೂ ಸಾಲದು ಅಂತಲ್ಲ. 2024ರ ‘ಇನ್‌ಸೈಡ್ ಔಟ್ 2’ ನಾವು ಇಂಗ್ಲಿಷಿನಲ್ಲಿ ಟಿವಿಯಲ್ಲೇ ನೋಡಿದ್ದು. ಹದಿಮೂರು ವರ್ಷದ ರೈಲಿಯ ತಲೆಯೊಳಗೆ ಆತಂಕ ಎಂಬ ಪಾತ್ರ ಬಂದು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳುವುದನ್ನು ನೋಡಲು ದೊಡ್ಡ ಪರದೆ ಬೇಕೆನಿಸಲಿಲ್ಲ.

ಈಗ ನನ್ನ ಆಯ್ಕೆ. ಟಾಕೀಸಿಗೆ ಒಂದೇ ಟಿಕೆಟ್ ದುಡ್ಡಿದ್ದು, ಜೊತೆಗೆ ಮಗು ಇದ್ದರೆ ನರಸಿಂಹ, ಅನುಮಾನವೇ ಇಲ್ಲ. ಒಟ್ಟಾರೆ ಯಾವುದು ಹೆಚ್ಚು ಅಂದರೆ ‘ಸು ಫ್ರಮ್ ಸೋ’. ನರಸಿಂಹದಲ್ಲಿ ನನ್ನ ಕಣ್ಣಿಗೆ ಸಿಕ್ಕಿದ್ದು ನನ್ನ ಕಿವಿಗೆ ಸಿಗಲಿಲ್ಲ. ‘ಸು ಫ್ರಮ್ ಸೋ’ದಲ್ಲಿ ಬೇರೆ ಸೀಮೆಯ ಕನ್ನಡ ನನ್ನೂರಿನ ಟಾಕೀಸಿನಲ್ಲಿ ಮನೆಮಾತಾಯಿತು. ಮಹಾವತಾರ್ ಸರಣಿಯಲ್ಲಿ ಏಳು ಚಿತ್ರ ಮಾಡುತ್ತೇವೆ ಅಂತ ಹೇಳಿದ್ದಾರೆ. ಮುಂದಿನದಕ್ಕೆ ನಮ್ಮ ಕಡೆಯ ನಾಟಕದ ಮೇಷ್ಟ್ರುಗಳನ್ನು ಕರೆಸಿ ಮಾತು ಹೇಳಿಸಲಿ ಅಂತ ಮನಸಾರೆ ಬೇಡಿಕೊಳ್ಳುತ್ತೇನೆ.

ಸಿನಿಮಾ ನೋಡಿದ ಮೇಲೆ ಮಗ ಹಟ ಹಿಡಿದು ನಮ್ಮನ್ನು ದೇವರಾಯನದುರ್ಗಕ್ಕೆ ಎಳೆದುಕೊಂಡು ಹೋದ. ಕೆಳಗೆ ಭೋಗಾನರಸಿಂಹನನ್ನು ನೋಡಿ, ಮೆಟ್ಟಿಲು ಹತ್ತಿ, ಮೇಲೆ ಯೋಗಾನರಸಿಂಹನ ಎದುರು ನಿಂತೆವು. ಮಂಗಳಾರತಿಯ ಬೆಳಕಿನಲ್ಲಿ ಅವನು ತುಂಬ ಹೊತ್ತು ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದ: ‘ಅಮ್ಮಾ, ಇವರು ಸಿಟ್ಟು ಮುಗಿಸಿ ಇಲ್ಲಿ ಬಂದು ಕೂತಿರೋದಾ?’