ಹಳೆ ಎಚ್61 ಬೋರ್ಡಿಗೆ ಎಎಸ್‌ಎಂ1061 ಸಾಟಾ ಕಾರ್ಡ್: ಲಿನಕ್ಸ್ ತೋರಿಸುವ 6 ಜಿಬಿಪಿಎಸ್‌ನಲ್ಲಿ ಕೈಗೆ ಸಿಗುವುದೆಷ್ಟು?

ಮೈಸೂರು, ಮಂಡ್ಯದ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊಗಳಲ್ಲಿ ಇಂಟೆಲ್ ಎಚ್61 ಬೋರ್ಡಿನ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಆ ಚಿಪ್‌ಸೆಟ್‌ನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳೆಲ್ಲ 3 ಜಿಬಿಪಿಎಸ್‌ನವು (ಸೆಕೆಂಡಿಗೆ 3 ಗಿಗಾಬಿಟ್). ಎಂಥ ಎಸ್‌ಎಸ್‌ಡಿ ಹಾಕಿದರೂ ಓದುವ ವೇಗ ಸೆಕೆಂಡಿಗೆ 270–280 ಎಂಬಿ ದಾಟುವುದಿಲ್ಲ. ಇದಕ್ಕೆ ಮದ್ದಾಗಿ ಸಿಗುವುದು ಬೋರ್ಡಿನ ಪಿಸಿಐಇ ಸ್ಲಾಟಿಗೆ ಹಾಕುವ, ಎರಡು ಸಾಟಾ ಪೋರ್ಟಿನ ಕಾರ್ಡ್. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಡಬ್ಬಿ ತೆಗೆಸಿ ಚಿಪ್ ಮೇಲಿನ ಅಕ್ಷರ ಓದಿ. ಎಎಸ್‌ಎಂ1061 ಎಂದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ, ಸಾಟಾ ನಡೆಸುವ ಎಎಚ್‌ಸಿಐ ಡ್ರೈವರೇ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಕಾರ್ಡ್ ಕೂರಿಸಿ ಡಿಸ್ಕ್ ಜೋಡಿಸಿದ ಮೇಲೆ ಟರ್ಮಿನಲ್‌ನಲ್ಲಿ, ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಸುಡೊ ಡಿಮೆಸ್ಗ್ | ಗ್ರೆಪ್ -ಐ ಎಟಿಎ' ಕೊಡಿ. '6.0 ಜಿಬಿಪಿಎಸ್, ಎಸ್‌ಸ್ಟೇಟಸ್ 133, ಎಸ್‌ಕಂಟ್ರೋಲ್ 300' ಎಂಬ ಸಾಲು ಬರಬೇಕು. 133ರ ನಡುವಿನ ಅಂಕಿಯೇ ಈಗಿನ ವೇಗ: 3 ಅಂದರೆ 6 ಜಿಬಿಪಿಎಸ್, 2 ಅಂದರೆ 3, 1 ಅಂದರೆ 1.5. ಎಸ್‌ಕಂಟ್ರೋಲ್ 300 ಅಂದರೆ ವೇಗಕ್ಕೆ ಮಿತಿ ಹಾಕಿಲ್ಲ; 310 ಅಥವಾ 320 ಇದ್ದರೆ ಯಾರೋ ಕಡಿವಾಣ ಹಾಕಿದ್ದಾರೆ, ಹೆಚ್ಚಿನ ಸಲ ಕರ್ನಲ್ಲೇ. ಕೆಳಗೆ 'ಯುಡಿಎಂಎ/133' ಎಂದೂ ಕಾಣುತ್ತದೆ. ಡಿಸ್ಕ್ 133 ಎಂಬಿಗೆ ಇಳಿಯಿತೆಂದು ಗಾಬರಿಯಾಗಬೇಡಿ. ಅದು ಸಾಟಾಗೂ ಮುಂಚಿನ ಐಡಿಇ ಡಿಸ್ಕ್‌ಗಳ ಕಾಲದಿಂದ ಉಳಿದ ಹೆಸರು, ಸಾಟಾ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಲವರು ಎಡವುವುದು ಮುಂದಿನ ಹಂತದಲ್ಲಿ. 6.0 ಎಂಬುದು ಡಿಸ್ಕ್‌ಗೂ ಕಾರ್ಡ್‌ಗೂ ನಡುವಿನ ವೇಗ ಮಾತ್ರ. ಕಾರ್ಡ್‌ನಿಂದ ಬೋರ್ಡಿಗೆ ಹೋಗುವ ದಾರಿಯನ್ನು 'ಸುಡೊ ಎಲ್‌ಎಸ್‌ಪಿಸಿಐ -ವಿವಿ' ಹೇಳುತ್ತದೆ: ಲಿಂಕ್‌ಸ್ಟೇಟಸ್ (LnkSta) ಸಾಲಿನಲ್ಲಿ ವೇಗ 5 ಜಿಟಿ (ಸೆಕೆಂಡಿಗೆ 5 ಗಿಗಾಟ್ರಾನ್ಸ್‌ಫರ್), ಅಗಲ ಎಕ್ಸ್1, ಅಂದರೆ ಒಂದೇ ಲೇನ್, ಇರಬೇಕು. ಲೆಕ್ಕದಲ್ಲಿ ಅದು ಸೆಕೆಂಡಿಗೆ 500 ಎಂಬಿ, ಡಿಸ್ಕ್ ಓದುವ ವೇಗ ಅಳೆಯುವ 'ಎಚ್‌ಡಿಪಾರ್ಮ್ -ಟಿ' (ಸಣ್ಣಕ್ಷರದ t) ಅಳತೆಯಲ್ಲಿ ಸುಮಾರು 380–400. ಎಕ್ಸ್16 ಸ್ಲಾಟಿಗೆ ಹಾಕಿದರೂ ಕಾರ್ಡ್ ಎಕ್ಸ್1ರಲ್ಲೇ ಓಡುತ್ತದೆ. ಎರಡೂ ಪೋರ್ಟಿನ ಡಿಸ್ಕ್‌ಗಳು ಒಟ್ಟಿಗೆ ಓಡಿದರೆ ಇಷ್ಟನ್ನೇ ಹಂಚಿಕೊಳ್ಳಬೇಕು.

ಎಚ್61ಗೆ ಇದು ಒಳ್ಳೆಯ ಲಾಭ. ಅದಕ್ಕೂ ಹಳೆಯ ಜಿ41 ಬೋರ್ಡ್ ಇರುವವರು ಮಾತ್ರ ವೇಗಕ್ಕೆಂದು ಇದನ್ನು ಕೊಳ್ಳಲೇಬಾರದು. ಅದರ ಎಕ್ಸ್1 ಸ್ಲಾಟ್ 2.5 ಜಿಟಿಯದು, ಮಿತಿ 250 ಎಂಬಿ. ಬೋರ್ಡಿನ ಪೋರ್ಟೇ ಅದಕ್ಕಿಂತ ವಾಸಿ.

ಡಬ್ಬಿಯಲ್ಲಿ ಬರುವ ತೆಳು ಕೇಬಲ್ ನಂಬಬೇಡಿ. ಡಿಮೆಸ್ಗ್‌ನಲ್ಲಿ ವೇಗವನ್ನು 3.0ಕ್ಕೆ ಮಿತಿಗೊಳಿಸಿದ ಸಾಲು ಕಂಡು, ಡಿಸ್ಕಿನ ಆರೋಗ್ಯ ತೋರಿಸುವ 'ಸ್ಮಾರ್ಟ್‌ಸಿಟಿಎಲ್ -ಎ' ಪಟ್ಟಿಯಲ್ಲಿ 199 ಸಂಖ್ಯೆಯ ಸಾಲಿನ ಸಿಆರ್‌ಸಿ ಎಣಿಕೆ (ಡೇಟಾ ಸಾಗಣೆಯ ತಪ್ಪುಗಳ ಲೆಕ್ಕ) ಏರುತ್ತಿದ್ದರೆ ತಪ್ಪು ಬಹುಪಾಲು ಕೇಬಲ್‌ನದೇ. ಲಾಕ್ ಇರುವ ಗಿಡ್ಡ ಕೇಬಲ್ ಹಾಕಿ ರೀಬೂಟ್ ಮಾಡಿ. ಹಳೆ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಮತ್ತೆ ಏರದಿದ್ದರೆ ಸಾಕು. ಕೇಬಲ್ ಬದಲಿಸುವವರೆಗೆ ಕೆಲಸ ನಿಲ್ಲಬಾರದು ಅನ್ನುವವರು ಲಿನಕ್ಸ್ ಬೂಟ್ ಮಾಡಿಸುವ ಗ್ರಬ್‌ನ ಕರ್ನಲ್ ಸಾಲಿಗೆ 'ಲಿಬ್‌ಎಟಿಎ.ಫೋರ್ಸ್=7:3.0ಜಿಬಿಪಿಎಸ್' ಸೇರಿಸಬಹುದು, 7ರ ಜಾಗಕ್ಕೆ ನಿಮ್ಮ ಡಿಮೆಸ್ಗ್ ತೋರಿಸಿದ ಎಟಿಎ ಸಂಖ್ಯೆ. ಇದರಿಂದ ವೇಗ ಇಳಿಸಬಹುದೇ ಹೊರತು ಏರಿಸಲಾಗದು.

ಇನ್ನೊಂದು ಕೊರತೆ: ಅಗ್ಗದ ಕಾರ್ಡ್‌ಗಳಲ್ಲಿ ಬೂಟ್ ಮಾಡಿಸುವ ರೋಮ್ (ಆರ್‌ಒಎಂ) ಚಿಪ್ ಇಲ್ಲದಿದ್ದರೆ ಹಳೆ ಬಯಾಸ್‌ಗೆ ಆ ಡಿಸ್ಕ್ ಕಾಣುವುದೇ ಇಲ್ಲ. ಆಗ ಗ್ರಬ್ ಮತ್ತು /ಬೂಟ್ ಬೋರ್ಡಿನ ಪೋರ್ಟಿನ ಹಳೆ ಹಾರ್ಡ್‌ಡಿಸ್ಕಿನಲ್ಲೇ ಇರಲಿ, ಉಳಿದ ವ್ಯವಸ್ಥೆಯಿರುವ ರೂಟ್ ವಿಭಾಗವನ್ನಷ್ಟೇ ಕಾರ್ಡಿನ ಎಸ್‌ಎಸ್‌ಡಿಗೆ ಹಾಕಿ.