ಐಫೋನ್, ಪಿಕ್ಸೆಲ್, ಗ್ರಾಫೀನ್‌ಓಎಸ್: ನಾವು ಎಲ್ಲಿದ್ದೇವೆ ಅಂತ ಯಾರಿಗೆಲ್ಲ ಗೊತ್ತಾಗುತ್ತದೆ?

ಹೊಸ ಫೋನ್ ಬರುತ್ತದೆ ಅಂದರೆ ಸಾಕು, ತಿಂಗಳುಗಟ್ಟಲೆ ಮೊದಲೇ ಗಾಳಿಸುದ್ದಿ ಶುರುವಾಗುತ್ತದೆ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಮಡಚುವ ಫೋನ್ ಬರುತ್ತಾ, ಬಣ್ಣ ಯಾವುದು. ಸೋರಿಕೆಯಾದ ಕವರ್‌ನ ಫೋಟೊ ನೋಡಿ ಕ್ಯಾಮೆರಾ ಎಲ್ಲಿ ಕೂರುತ್ತದೆ ಅಂತ ಲೆಕ್ಕ ಹಾಕುವವರೂ ಇದ್ದಾರೆ. ಇವನ್ನೆಲ್ಲ ಓದುವುದು ನನಗೂ ಇಷ್ಟ. ಆದರೆ ಫೋನ್ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಇದು ಜೇಬಿನಲ್ಲಿದ್ದಾಗ ನಾನು ಎಲ್ಲಿದ್ದೇನೆ ಅನ್ನೋದು ಯಾರ್ಯಾರಿಗೆ ತಿಳಿಯುತ್ತದೆ?

ಅದಕ್ಕೇ ಮೂರು ಫೋನ್‌ಗಳನ್ನು ಒಂದಾದ ಮೇಲೊಂದು ದಿನನಿತ್ಯ ಬಳಸಿ ನೋಡಿದೆ. ಒಂದು ಐಫೋನ್. ಇನ್ನೊಂದು ಅಂಗಡಿಯಿಂದ ಬಂದ ಹಾಗೇ ಇರುವ ಗೂಗಲ್ ಪಿಕ್ಸೆಲ್. ಮೂರನೆಯದೂ ಪಿಕ್ಸೆಲ್ಲೇ, ಆದರೆ ಅದರಲ್ಲಿ ಗೂಗಲ್‌ನ ಆ್ಯಂಡ್ರಾಯ್ಡ್ ತೆಗೆದು ಗ್ರಾಫೀನ್‌ಓಎಸ್ ಹಾಕಿದ್ದು. ಇದು ಆ್ಯಂಡ್ರಾಯ್ಡ್‌ನಿಂದಲೇ ಮಾಡಿದ, ಖಾಸಗಿತನಕ್ಕೆ ಒತ್ತು ಕೊಡುವ ಬೇರೆ ಆಪರೇಟಿಂಗ್ ಸಿಸ್ಟಂ. ಮೂರರಲ್ಲೂ ಸಾಧ್ಯವಾದಷ್ಟು ಅವೇ ಆ್ಯಪ್‌ಗಳು.

ಹೋಲಿಕೆಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಜಿಪಿಎಸ್ ಯಾರಿಗೂ ಏನನ್ನೂ ಹೇಳುವುದಿಲ್ಲ. ಉಪಗ್ರಹಗಳು ಸಿಗ್ನಲ್ ಕಳಿಸುತ್ತವೆ, ಫೋನ್ ಅದನ್ನು ಕೇಳಿಸಿಕೊಂಡು ತನ್ನ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ನೀವು ರೇಡಿಯೊ ಕೇಳುತ್ತಿದ್ದೀರಿ ಅಂತ ಸ್ಟೇಷನ್‌ಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ. ಮಾಹಿತಿ ಹೊರಗೆ ಹೋಗುವ ದಾರಿಗಳು ಬೇರೆ, ಮತ್ತು ಅವು ಮುಖ್ಯವಾಗಿ ಮೂರು. ಒಂದು, ಪರ್ಮಿಶನ್ ಪಡೆದ ಆ್ಯಪ್ ಆ ಜಾಗವನ್ನು ತನ್ನ ಸರ್ವರ್‌ಗೆ ಕಳಿಸುತ್ತದೆ. ಎರಡು, ಕಟ್ಟಡದ ಒಳಗೆ ಉಪಗ್ರಹ ಸಿಗದಾಗ ಫೋನ್ ತನ್ನ ಸುತ್ತಲಿನ ವೈಫೈ ರೂಟರ್ ಮತ್ತು ಟವರ್‌ಗಳ ಗುರುತನ್ನು ಆ್ಯಪಲ್ ಅಥವಾ ಗೂಗಲ್‌ಗೆ ಕಳಿಸಿ ಜಾಗ ಕೇಳುತ್ತದೆ. ಮೂರು, ಸಿಮ್ ಯಾವ ಟವರ್‌ಗೆ ಅಂಟಿಕೊಂಡಿದೆ ಅನ್ನೋದು ಆಪರೇಟರ್‌ಗೆ ಯಾವಾಗಲೂ ಗೊತ್ತು.

ಆ್ಯಪ್‌ಗಳ ಕೈಗೆ ಸಿಗುವುದು

ಇಲ್ಲಿ ಐಫೋನ್ ಮುಂದೆ ನಡೆದಿದೆ, ಆ್ಯಂಡ್ರಾಯ್ಡ್ ಹಿಂದೆ ಬಂದಿದೆ. ‘ಆ್ಯಪ್ ಬಳಸುವಾಗ ಮಾತ್ರ’ ಅನ್ನುವ ಆಯ್ಕೆ ಐಫೋನ್‌ಗೆ ಬಂದದ್ದು 2014ರ ಐಒಎಸ್ (ಐಫೋನ್‌ನ ಆಪರೇಟಿಂಗ್ ಸಿಸ್ಟಂ) 8ರಲ್ಲಿ, ಆ್ಯಂಡ್ರಾಯ್ಡ್‌ಗೆ 2019ರ ಆವೃತ್ತಿ 10ರಲ್ಲಿ. ‘ಈ ಸಲ ಮಾತ್ರ’ ಅನ್ನುವುದು 2019ರಲ್ಲಿ ಐಫೋನ್‌ಗೆ, 2020ರಲ್ಲಿ ಆ್ಯಂಡ್ರಾಯ್ಡ್‌ಗೆ. ನಿಖರ ಜಾಗ ಬೇಡ, ಅಂದಾಜು ಸಾಕು ಅನ್ನುವ ಬಟನ್ ಐಒಎಸ್ 14ರಲ್ಲಿ 2020ಕ್ಕೆ, ಆ್ಯಂಡ್ರಾಯ್ಡ್ 12ರಲ್ಲಿ 2021ಕ್ಕೆ. ಐದು ವರ್ಷವಿದ್ದ ಅಂತರ ಒಂದು ವರ್ಷಕ್ಕೆ ಇಳಿಯಿತು. ಈಗ ಆಯ್ಕೆಗಳ ಪಟ್ಟಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ.

ವ್ಯತ್ಯಾಸ ಇರುವುದು ಫೋನ್ ನಮಗೆ ಅದನ್ನು ತೋರಿಸುವ ರೀತಿಯಲ್ಲಿ. ಒಂದು ಹವಾಮಾನದ ಆ್ಯಪ್‌ಗೆ ಮೂರು ಫೋನ್‌ಗಳಲ್ಲೂ ಬೇಕಂತಲೇ ‘ಯಾವಾಗಲೂ’ ಅನುಮತಿ ಕೊಟ್ಟು ಬಿಟ್ಟೆ. ಕೆಲ ದಿನ ಕಳೆದ ಮೇಲೆ ಐಫೋನ್ ತಾನಾಗಿಯೇ ಒಂದು ಪೆಟ್ಟಿಗೆ ತೆರೆಯಿತು. ಈ ಆ್ಯಪ್ ನಿಮ್ಮ ಲೊಕೇಶನ್ ಅನ್ನು ಹಿನ್ನೆಲೆಯಲ್ಲಿ ಇಷ್ಟು ಸಲ ಬಳಸಿದೆ, ಮುಂದುವರಿಸಬೇಕಾ ಅಂತ. ಅದರ ಜೊತೆಗೇ ಪುಟ್ಟದೊಂದು ನಕ್ಷೆ, ಅದರ ಮೇಲೆ ನೀಲಿ ಚುಕ್ಕೆಗಳು. ಚುಕ್ಕೆಗಳು ಎರಡು ಕಡೆ ಒತ್ತೊತ್ತಾಗಿ ಕೂತಿದ್ದವು, ಮನೆ ಒಂದು ಕಡೆ, ಕೆಲಸದ ಜಾಗ ಇನ್ನೊಂದು ಕಡೆ. ನಡುವಿನ ರಸ್ತೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು. ನನ್ನ ಹೆಸರು ಎಲ್ಲೂ ಇಲ್ಲ. ಆದರೆ ರಾತ್ರಿ ಈ ಮನೆಯಲ್ಲಿ, ಹಗಲು ಆ ಕಟ್ಟಡದಲ್ಲಿ ಇರುವವರು ಎಷ್ಟು ಜನ ಇರುತ್ತಾರೆ ಹೇಳಿ? ಹೆಸರಿನ ಅಗತ್ಯವೇ ಬೀಳುವುದಿಲ್ಲ.

ಪಿಕ್ಸೆಲ್‌ನಲ್ಲಿ ಇದೇ ವಿಷಯ ತಿಳಿಯಬೇಕಾದರೆ ನಾವೇ ಹುಡುಕಿಕೊಂಡು ಹೋಗಬೇಕು. ಸೆಟ್ಟಿಂಗ್ಸ್‌ನ ಪ್ರೈವಸಿ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಆ್ಯಪ್ ಎಷ್ಟು ಗಂಟೆಗೆ ಲೊಕೇಶನ್ ಮುಟ್ಟಿತು ಅಂತ ಸಾಲಾಗಿ ಇರುತ್ತದೆ. ವಿವರ ಚೆನ್ನಾಗಿದೆ, ಸಮಯ ಸಮೇತ ಇದೆ. ಫೋನ್ ಮುಟ್ಟದೇ ಇದ್ದ ನಡುರಾತ್ರಿಯಲ್ಲೂ ಹವಾಮಾನದ ಆ್ಯಪ್ ಕೈ ಚಾಚಿದ್ದು ಅಲ್ಲೇ ಕಂಡಿತು. ಆದರೆ ಅಲ್ಲಿಗೆ ಹೋಗಿ ನೋಡುವವರು ಎಷ್ಟು ಜನ? ಸಮಯದ ಪಟ್ಟಿ ಓದಿದಾಗ ಆಗದ ದಿಗಿಲು ನಕ್ಷೆಯ ಮೇಲೆ ನಮ್ಮದೇ ಚುಕ್ಕೆ ನೋಡಿದಾಗ ಆಗುತ್ತದೆ. ಈ ಒಂದು ವಿಷಯಕ್ಕೆ ನಾನು ಐಫೋನ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಈ ಚುಕ್ಕೆಗಳಿಗೆ ದೊಡ್ಡ ಮಾರುಕಟ್ಟೆಯೇ ಇದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ಎಕ್ಸ್-ಮೋಡ್ ಅನ್ನುವ ಕಂಪನಿಗೆ ಆಸ್ಪತ್ರೆ, ಪ್ರಾರ್ಥನಾ ಸ್ಥಳದಂಥ ಸೂಕ್ಷ್ಮ ಜಾಗಗಳ ಮಾಹಿತಿ ಮಾರಬಾರದು ಅಂತ ಕಡಿವಾಣ ಹಾಕಿತು. 2025ರ ಜನವರಿಯಲ್ಲಿ ಗ್ರೇವಿ ಅನಲಿಟಿಕ್ಸ್ ಅನ್ನುವ ಇನ್ನೊಂದು ಲೊಕೇಶನ್ ವ್ಯಾಪಾರಿ ಕಂಪನಿಯ ದತ್ತಾಂಶವೇ ಕಳುವಾಯಿತು. ‘ನನ್ನ ಹತ್ತಿರ ಮುಚ್ಚಿಡೋದು ಏನಿದೆ’ ಅನ್ನುವವರಿಗೆ ನಾನು ಕೇಳುವುದು ಇಷ್ಟೇ: ನಿಮ್ಮ ಮಕ್ಕಳ ಶಾಲೆ, ನೀವು ಹೋಗುವ ಡಾಕ್ಟರ್ ಯಾರು ಅನ್ನೋದು ದುಡ್ಡು ಕೊಟ್ಟ ಯಾರಿಗಾದರೂ ಸಿಗಲಿ ಅಂತೀರಾ?

ಜಾಹೀರಾತು ಕಂಪನಿಗಳು ಗುರುತು ಹಿಡಿಯಲೆಂದು ಪ್ರತಿ ಫೋನ್‌ಗೂ ಇರುವ ಜಾಹೀರಾತಿನ ಗುರುತಿನ ಸಂಖ್ಯೆ ಈ ಚುಕ್ಕೆಗಳನ್ನು ಒಂದಕ್ಕೊಂದು ಪೋಣಿಸುವ ದಾರ. ಐಫೋನ್ 2021ರ ಐಒಎಸ್ 14.5ರಿಂದ ಪ್ರತಿ ಆ್ಯಪ್‌ಗೂ ‘ಕೊಡಲಾ ಬೇಡವಾ’ ಅಂತ ನಮ್ಮನ್ನು ಕೇಳುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ನಾವೇ ಹೋಗಿ ಅಳಿಸಬೇಕು. ಅಳಿಸಲು ಒಂದು ನಿಮಿಷ ಸಾಕು. ಇವತ್ತೇ ಮಾಡಿ.

ಫೋನ್ ತಯಾರಿಸಿದವರಿಗೇ ಎಷ್ಟು ಗೊತ್ತು?

ಈ ವಿಷಯದಲ್ಲಿ ಯಾರೂ ಸಾಚಾ ಅಲ್ಲ. 2011ರ ಏಪ್ರಿಲ್‌ನಲ್ಲಿ, ಎಲ್ಲರೂ ‘ಐಫೋನ್ 5 ಹೇಗಿರುತ್ತೆ’ ಅಂತ ಊಹೆ ಮಾಡುತ್ತಿದ್ದ ಹೊತ್ತಿಗೆ, ಇಬ್ಬರು ಸಂಶೋಧಕರು ಐಫೋನ್ ಒಳಗೆ ಒಂದು ಫೈಲ್ ಇರುವುದನ್ನು ಬಯಲು ಮಾಡಿದರು. ತಿಂಗಳುಗಟ್ಟಲೆ ಓಡಾಟದ ಜಾಡು ಅದರಲ್ಲಿತ್ತು. ಅದು ಕಂಪ್ಯೂಟರ್‌ನ ಬ್ಯಾಕಪ್‌ಗೂ ಬೀಗವಿಲ್ಲದೆ ಹೋಗುತ್ತಿತ್ತು. ಅದು ನಿಮ್ಮ ಜಾಗ ಅಲ್ಲ, ಸುತ್ತಲಿನ ವೈಫೈ ಮತ್ತು ಟವರ್‌ಗಳ ಪಟ್ಟಿ, ಅಷ್ಟು ದಿನ ಉಳಿಯುವುದು ಬಗ್ ಅಂತ ಆ್ಯಪಲ್ ವಿವರಣೆ ಕೊಟ್ಟಿತು. ಮೇ ತಿಂಗಳ ಐಒಎಸ್ 4.3.3ರಲ್ಲಿ ಸರಿಪಡಿಸಿತು. ಅಂದಹಾಗೆ ಆ ವರ್ಷ ಬಂದದ್ದು ಐಫೋನ್ 5 ಅಲ್ಲ, 4ಎಸ್. ಊಹೆಗಳೆಲ್ಲ ಸುಳ್ಳಾದವು, ಆ ಫೈಲ್ ಮಾತ್ರ ನಿಜವಾಗಿತ್ತು.

ಗೂಗಲ್‌ನ ಕಥೆ ಇನ್ನೂ ಉದ್ದ. ಲೊಕೇಶನ್ ಆಫ್ ಮಾಡಿದ್ದರೂ ಆ್ಯಂಡ್ರಾಯ್ಡ್ ಫೋನ್‌ಗಳು ಟವರ್‌ಗಳ ಗುರುತು ಕಳಿಸುತ್ತಿವೆ ಅಂತ 2017ರಲ್ಲಿ ಸುದ್ದಿಯಾಯಿತು. ಅದನ್ನು ನಿಲ್ಲಿಸುತ್ತೇವೆ ಅಂತ ಕಂಪನಿ ಹೇಳಿತು. 2018ರ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇನ್ನೊಂದು ವಿಷಯ ಹೊರಗೆಳೆಯಿತು. ‘ಲೊಕೇಶನ್ ಹಿಸ್ಟರಿ’ ಆಫ್ ಮಾಡಿದರೂ ‘ವೆಬ್ ಮತ್ತು ಆ್ಯಪ್ ಚಟುವಟಿಕೆ’ ಅನ್ನುವ ಬೇರೆ ಸೆಟ್ಟಿಂಗ್ ಮೂಲಕ ಜಾಗ ದಾಖಲಾಗುತ್ತಲೇ ಇತ್ತು. ಕೊನೆಗೆ 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಟ್ಟು ಗೂಗಲ್ ಆ ತಕರಾರು ಮುಗಿಸಿಕೊಂಡಿತು.

ಈಗ ಪರಿಸ್ಥಿತಿ ಸುಧಾರಿಸಿದೆ, ಅದನ್ನೂ ಹೇಳಬೇಕು. ನಾವು ಎಲ್ಲೆಲ್ಲಿ ಹೋದೆವು ಅನ್ನುವ ‘ಟೈಮ್‌ಲೈನ್’ ದಾಖಲೆಯನ್ನು (ಮೊದಲಿನ ‘ಲೊಕೇಶನ್ ಹಿಸ್ಟರಿ’) ಸರ್ವರ್‌ನಿಂದ ತೆಗೆದು ಫೋನ್‌ನಲ್ಲೇ ಇಡುವುದಾಗಿ ಗೂಗಲ್ 2023ರ ಡಿಸೆಂಬರ್‌ನಲ್ಲಿ ಘೋಷಿಸಿತು. ಆಮೇಲೆ ಹಾಗೇ ಮಾಡಿತು. ಆ್ಯಪಲ್‌ನ ‘ಸಿಗ್ನಿಫಿಕೆಂಟ್ ಲೊಕೇಶನ್ಸ್’, ಅಂದರೆ ನಾವು ಹೆಚ್ಚಾಗಿ ಹೋಗುವ ಜಾಗಗಳ ಪಟ್ಟಿ, ಪೂರ್ತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಕಂಪನಿಯೂ ಓದಲಾಗದು. ವೈಫೈ ನೋಡಿ ಜಾಗ ಹುಡುಕುವ ರೀತಿಯಲ್ಲೂ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಗೂಗಲ್ ಸರ್ವರ್‌ನಲ್ಲೇ ಲೆಕ್ಕ ಹಾಕಿ ಉತ್ತರ ಕಳಿಸುತ್ತದೆ. ಆ್ಯಪಲ್ ಸುತ್ತಮುತ್ತಲಿನ ನೂರಾರು ರೂಟರ್‌ಗಳ ಜಾಗದ ಪಟ್ಟಿಯನ್ನೇ ಕಳಿಸುತ್ತದೆ, ಲೆಕ್ಕ ಫೋನ್‌ನಲ್ಲಿ ನಡೆಯುತ್ತದೆ. ಕೇಳಿದವರ ಖಾಸಗಿತನಕ್ಕೆ ಎರಡನೆಯದು ಒಳ್ಳೆಯದು. ಆದರೆ ರೂಟರ್ ಇಟ್ಟುಕೊಂಡವರಿಗೆ? ಆ ಪಟ್ಟಿ ಬಳಸಿ ರೂಟರ್‌ಗಳು ಎಲ್ಲಿಂದ ಎಲ್ಲಿಗೆ ಹೋದವು ಅಂತ ಹಿಂಬಾಲಿಸಬಹುದು ಅಂತ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ತೋರಿಸಿದರು. ಹಾಗಾಗಿ ‘ಆ್ಯಪಲ್ ಅಂದರೆ ಸೇಫ್’ ಅಂತ ಸುಮ್ನೆ ಒಂದೇ ಮಾತಿನಲ್ಲಿ ಹೇಳಿಬಿಡಲು ನಾನು ತಯಾರಿಲ್ಲ.

ಬಳಸುವಾಗ ಕಂಡದ್ದು ಹೇಳುವುದಾದರೆ, ಐಫೋನ್‌ನಲ್ಲಿ ಎಲ್ಲವೂ ಲೊಕೇಶನ್ ಸರ್ವಿಸಸ್ ಎಂಬ ಒಂದೇ ಕಡೆ ಇದೆ. ಕೆಳಗೆ, ಪಟ್ಟಿಯ ತೀರಾ ಕೊನೆಗೆ ಇಳಿದರೆ ಸಿಸ್ಟಂ ಸರ್ವಿಸಸ್ ಸಿಗುತ್ತದೆ. ಪಿಕ್ಸೆಲ್‌ನಲ್ಲಿ ಫೋನ್ ಸೆಟ್ಟಿಂಗ್ಸ್‌ನಲ್ಲಿ ಕೆಲವು, ಗೂಗಲ್ ಅಕೌಂಟ್‌ನಲ್ಲಿ ಕೆಲವು. ಒಂದು ಆಫ್ ಮಾಡಿದರೆ ಇನ್ನೊಂದು ತಾನಾಗಿ ಆಫ್ ಆಗುವುದಿಲ್ಲ.

‘ಫೋನ್ ಸ್ವಿಚ್ ಆಫ್ ಆದರೂ ಪತ್ತೆ ಹಚ್ಚಬಹುದಂತೆ’ ಅನ್ನುವ ಗುಸುಗುಸು ಕೇಳಿರುತ್ತೀರಿ. ಅದು ನಿಜ. ಐಒಎಸ್ 15ರಿಂದ ಹೊಸ ಐಫೋನ್‌ಗಳು, ಪಿಕ್ಸೆಲ್ 8ರಿಂದ ಗೂಗಲ್ ಫೋನ್‌ಗಳು ಆಫ್ ಆದ ಮೇಲೂ ಬ್ಲೂಟೂತ್ ಸಂಕೇತ ಕಳಿಸಬಲ್ಲವು. ಕಳೆದುಹೋದ ಫೋನ್ ಹುಡುಕಲೆಂದೇ ಇರುವ ಸೌಲಭ್ಯ ಇದು. ಬೇಡವಾದರೆ ನಿಲ್ಲಿಸಬಹುದು.

ಗ್ರಾಫೀನ್‌ಓಎಸ್ ಹೇಗಿತ್ತು?

ಹಾಕುವುದು ಅಂದುಕೊಂಡಷ್ಟು ಕಷ್ಟವಲ್ಲ. ಪಿಕ್ಸೆಲ್ ಅನ್ನು ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಿ, ಬ್ರೌಸರ್‌ನಲ್ಲಿ ಗ್ರಾಫೀನ್‌ಓಎಸ್‌ನವರ ಪುಟ ತೆರೆದು, ಹೇಳಿದ ಹಾಗೆ ಒತ್ತುತ್ತಾ ಹೋದರೆ ಆಯಿತು. ಮೊದಲ ಸಲ ಆನ್ ಮಾಡಿದಾಗ ಗೂಗಲ್‌ನ ಒಂದು ಆ್ಯಪ್ ಕೂಡ ಇರುವುದಿಲ್ಲ. ಬೇಕಿದ್ದರೆ ಪ್ಲೇ ಸ್ಟೋರ್ ಹಾಕಿಕೊಳ್ಳಬಹುದು, ಆದರೆ ಅದೂ ಉಳಿದ ಆ್ಯಪ್‌ಗಳಂತೆ ಒಂದು ಸಾಮಾನ್ಯ ಆ್ಯಪ್ ಅಷ್ಟೇ. ನೀವು ಕೊಡದೆ ಅದಕ್ಕೆ ಲೊಕೇಶನ್ ಸಿಗದು. ಬೇರೆ ಆ್ಯಪ್‌ಗಳು ಗೂಗಲ್ ಮೂಲಕ ಜಾಗ ಕೇಳಿದರೂ ಆ ಕೋರಿಕೆ ಗೂಗಲ್‌ಗೆ ಹೋಗದೆ ಫೋನ್‌ನ ಸಿಸ್ಟಂಗೇ ತಿರುಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಇಂಟರ್ನೆಟ್ ಪರ್ಮಿಶನ್. ಒಂದು ಆ್ಯಪ್‌ಗೆ ನೆಟ್ ಬೇಕಾ ಬೇಡವಾ ಅನ್ನೋದನ್ನೇ ನಾವು ನಿರ್ಧರಿಸಬಹುದು. ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ದಾರಿ ತೋರಿಸುವ ಆ್ಯಪ್‌ನಲ್ಲಿ ನಕ್ಷೆ ಡೌನ್‌ಲೋಡ್ ಮಾಡಿಕೊಂಡು ನೆಟ್ ಕಿತ್ತುಹಾಕಿದೆ. ನಿಖರ ಲೊಕೇಶನ್ ಕೊಟ್ಟೆ. ಅದು ದಾರಿ ತೋರಿಸುತ್ತದೆ, ತಿರುವು ಹೇಳುತ್ತದೆ. ಆದರೆ ಯಾರಿಗಾದರೂ ಏನನ್ನಾದರೂ ಕಳಿಸಲು ಅದಕ್ಕೆ ಬಾಗಿಲೇ ಇಲ್ಲ. ಉಳಿದೆರಡು ಫೋನ್‌ಗಳಲ್ಲಿ ಇಷ್ಟು ನೇರವಾದ ಬಟನ್ ಇಲ್ಲ. ಇರಬೇಕಿತ್ತು.

ತೊಂದರೆಗಳೂ ಇವೆ. ವೈಫೈ ನೋಡಿ ಜಾಗ ಹುಡುಕುವುದು ಮೊದಲಿಗೆ ಆಫ್ ಆಗಿರುತ್ತದೆ, ಹಾಗಾಗಿ ಕಟ್ಟಡದ ಒಳಗೆ ನಕ್ಷೆಯ ಚುಕ್ಕೆ ಕೂರುವುದೇ ಇಲ್ಲ. ಹೊರಗೆ ಬಂದು ಆಕಾಶ ಕಾಣುವಲ್ಲಿ ನಿಂತು ಕಾಯಬೇಕು. ಗ್ರಾಫೀನ್‌ಓಎಸ್‌ನವರ ಮಧ್ಯವರ್ತಿ ಸರ್ವರ್ ಮೂಲಕ ಕೇಳುವ ಆಯ್ಕೆ ಆನ್ ಮಾಡಿದ ಮೇಲೆ ಇದು ಸರಿಹೋಯಿತು. ಗೂಗಲ್ ವಾಲೆಟ್‌ನಿಂದ ಫೋನ್ ತಾಗಿಸಿ ದುಡ್ಡು ಕೊಡುವುದು ಇಲ್ಲಿ ನಡೆಯುವುದಿಲ್ಲ. ಒಂದು ಬ್ಯಾಂಕ್ ಆ್ಯಪ್ ತೆರೆಯಲು ಒಪ್ಪಲೇ ಇಲ್ಲ, ಅದನ್ನು ಬ್ರೌಸರ್‌ನಲ್ಲೇ ಬಳಸುತ್ತಿದ್ದೇನೆ. ನಿಮ್ಮ ಬ್ಯಾಂಕ್‌ನ ಆ್ಯಪ್ ಓಡುತ್ತದಾ ಅಂತ ಮೊದಲೇ ನೋಡಿಕೊಂಡು ಕೈಹಾಕಿ.

ಮೂರೂ ಸೋಲುವ ಜಾಗ

ಟವರ್ ವಿಷಯಕ್ಕೆ ಬಂದರೆ ಮೂರೂ ಒಂದೇ. ಗ್ರಾಫೀನ್‌ಓಎಸ್ ಹಾಕಿದ ಮಾತ್ರಕ್ಕೆ ಆಪರೇಟರ್ ಕಣ್ಣಿಗೆ ಕಾಣದ ಹಾಗೆ ಆಗುವುದಿಲ್ಲ. ಕಾಲ್ ಬರಬೇಕಾದರೆ ನೀವು ಯಾವ ಟವರ್ ಹತ್ತಿರ ಇದ್ದೀರಿ ಅಂತ ನೆಟ್‌ವರ್ಕ್‌ಗೆ ಗೊತ್ತಿರಲೇಬೇಕಲ್ವಾ. ಆ ಮಾಹಿತಿಯನ್ನು ಅವರೇನು ಮಾಡುತ್ತಾರೆ ಅನ್ನೋದೇ ಪ್ರಶ್ನೆ. ಗ್ರಾಹಕರ ಲೊಕೇಶನ್ ಅನ್ನು ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಸಿಗುವಂತೆ ಮಾಡಿದ್ದಕ್ಕೆ ಅಮೆರಿಕದ ದೊಡ್ಡ ಆಪರೇಟರ್‌ಗಳಿಗೆ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2024ರ ಏಪ್ರಿಲ್‌ನಲ್ಲಿ ಒಟ್ಟು ಸುಮಾರು 20 ಕೋಟಿ ಡಾಲರ್ ದಂಡ ಹಾಕಿತು. ಇದು ಫೋನ್ ಸೆಟ್ಟಿಂಗ್ಸ್‌ನಿಂದ ಬಗೆಹರಿಯುವ ವಿಷಯ ಅಲ್ಲ.

ಅಥವಾ ಅಲ್ಪಸ್ವಲ್ಪ ಬಗೆಹರಿಯಬಹುದೇನೋ. ಆ್ಯಪಲ್ ಸ್ವಂತ ಮೋಡೆಮ್ (ಫೋನ್ ಅನ್ನು ಟವರ್ ಜೊತೆ ಮಾತನಾಡಿಸುವ ಚಿಪ್) ಮಾಡುತ್ತಿದೆ ಅನ್ನುವ ಗಾಳಿಸುದ್ದಿ ವರ್ಷಗಟ್ಟಲೆ ಓಡಿತ್ತು. 2019ರಲ್ಲಿ ಇಂಟೆಲ್‌ನ ಮೋಡೆಮ್ ವಿಭಾಗವನ್ನು 100 ಕೋಟಿ ಡಾಲರ್‌ಗೆ ಕೊಂಡಾಗಿನಿಂದ ಅದು ಜಾಸ್ತಿಯಾಯಿತು. 2025ರ ಫೆಬ್ರುವರಿಯಲ್ಲಿ ಐಫೋನ್ 16ಇ ಜೊತೆ ಸಿ1 ಮೋಡೆಮ್ ಬಂದೇ ಬಂತು. ಎಲ್ಲರೂ ಅದರ ವೇಗ, ಬ್ಯಾಟರಿ ಅಳೆದರು. ಆದರೆ ನನ್ನ ಗಮನ ಸೆಳೆದದ್ದು ಐಒಎಸ್ 26.3. ಆ್ಯಪಲ್ ಮೋಡೆಮ್ ಇರುವ ಫೋನ್‌ಗಳಲ್ಲಿ ನೆಟ್‌ವರ್ಕ್‌ಗೆ ಸಿಗುವ ಲೊಕೇಶನ್‌ನ ನಿಖರತೆಯನ್ನೇ ಕಡಿಮೆ ಮಾಡುವ ಬಟನ್ ಅದರಲ್ಲಿದೆ. ಬೀದಿಯ ಮಟ್ಟದ ಬದಲು ಬಡಾವಣೆಯ ಮಟ್ಟ. ತುರ್ತು ಕರೆ ಮಾಡಿದರೆ ಮಾತ್ರ ನಿಖರ ಜಾಗ ಹೋಗುತ್ತದೆ, ಅದು ಹಾಗೇ ಇರಬೇಕು ಕೂಡ. ಇದಕ್ಕೆ ಆಪರೇಟರ್ ಕೂಡ ಕೈ ಜೋಡಿಸಬೇಕು, ಕೈ ಜೋಡಿಸಿದವರು ಸದ್ಯಕ್ಕೆ ಬೆರಳೆಣಿಕೆಯಷ್ಟು. ನನ್ನ ಐಫೋನ್‌ನಲ್ಲಿ ಇರುವುದು ಕ್ವಾಲ್ಕಾಮ್ ಮೋಡೆಮ್, ಹಾಗಾಗಿ ಆ ಆಯ್ಕೆ ಕಾಣುವುದೇ ಇಲ್ಲ. ಆದರೂ ದಾರಿ ಸರಿಯಾಗಿದೆ. ಮೋಡೆಮ್ ಬದಲಾಗುತ್ತದೆ ಅನ್ನುವ ಸುದ್ದಿ ಯಾವ ಫೋನ್ ಬಗ್ಗೆ ಬಂದರೂ, ಅದು ನೆಟ್‌ವರ್ಕ್‌ಗೆ ನಮ್ಮ ಜಾಗವನ್ನು ಎಷ್ಟು ನಿಖರವಾಗಿ ಹೇಳುತ್ತದೆ ಅಂತ ಕೇಳಬೇಕು.

ಹಾಗಾದರೆ ಯಾವುದು? ನಾನು ಉಳಿಸಿಕೊಂಡದ್ದು ಗ್ರಾಫೀನ್‌ಓಎಸ್. ನೆಟ್ ಕಿತ್ತುಹಾಕುವ ಆ ಬಟನ್ ಬಿಟ್ಟು ಇರಲು ಈಗ ಮನಸ್ಸಾಗುತ್ತಿಲ್ಲ. ಸೆಟ್ಟಿಂಗ್ಸ್ ತಂಟೆಗೇ ಹೋಗದ ಅಪ್ಪ, ಅಮ್ಮನಿಗೆ ಫೋನ್ ಕೊಡಿಸುವುದಿದ್ದರೆ ಐಫೋನ್. ತಾನಾಗಿ ಎದ್ದು ಬರುವ ಆ ನಕ್ಷೆ ಒಂದೇ ಸಾಕು. ಕೈಯಲ್ಲಿ ಈಗಾಗಲೇ ಆ್ಯಂಡ್ರಾಯ್ಡ್ ಇದ್ದರೆ ಬದಲಾಯಿಸಲು ಓಡಬೇಡಿ. ಜಾಹೀರಾತು ಗುರುತು ಅಳಿಸಿ. ಗೂಗಲ್ ಅಕೌಂಟ್‌ನಲ್ಲಿ ಟೈಮ್‌ಲೈನ್, ವೆಬ್ ಮತ್ತು ಆ್ಯಪ್ ಚಟುವಟಿಕೆ ಎರಡನ್ನೂ ಬೇರೆಬೇರೆಯಾಗಿ ನೋಡಿ. ಆಮೇಲೆ ಪರ್ಮಿಶನ್ ಪಟ್ಟಿ ತೆರೆದು ‘ಯಾವಾಗಲೂ’ ಅಂತ ಇರುವ ಆ್ಯಪ್‌ಗಳನ್ನೆಲ್ಲ ‘ಬಳಸುವಾಗ ಮಾತ್ರ’ಕ್ಕೆ ಇಳಿಸಿ. ಹವಾಮಾನದ ಆ್ಯಪ್‌ಗೆ ಅಂದಾಜು ಜಾಗ ಧಾರಾಳವಾಗಿ ಸಾಕು. ನಿಮ್ಮ ಮನೆ ಮೇಲೆ ಬೀಳುವ ಮಳೆ ಪಕ್ಕದ ಬೀದಿಗೂ ಬೀಳುತ್ತದೆ.