ಬ್ಯಾಲೆಟ್‌ನಲ್ಲಿ ಹೆಸರು ತರಿಸಿಕೊಡ್ತೇವೆ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ

ಕಾಫಿ ಕೊಯ್ಲು ಮುಗಿದು ವ್ಯಾಪಾರಿಯಿಂದ ದುಡ್ಡು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದ ಹೋಟೆಲ್ ಹಾಲ್‌ಗಳಲ್ಲಿ ವೀಸಾ ಸೆಮಿನಾರುಗಳು ಶುರುವಾಗುತ್ತವೆ. ‘ಆಸ್ಟ್ರೇಲಿಯಾದಲ್ಲಿ ಒಂದು ವರ್ಷ ಕೆಲಸ, ತಿಂಗಳಿಗೆ ಮೂರು ಲಕ್ಷ, ತೋಟದ ಅನುಭವ ಇದ್ದವರಿಗೆ ಮೊದಲ ಆದ್ಯತೆ’ ಎಂದು ಬ್ಯಾನರ್ ಹಾಕಿರುತ್ತಾರೆ. ಆ ಕೊನೆಯ ಸಾಲು ಕೊಡಗಿಗೆಂದೇ ಬರೆಸಿದ್ದು. ಇವರು ತೋರಿಸುವ ‘ವರ್ಕ್ ಅಂಡ್ ಹಾಲಿಡೇ’ ವೀಸಾಗೆ ಭಾರತೀಯರನ್ನು ಆರಿಸುವುದು ಬ್ಯಾಲೆಟ್ ಎಂಬ ಲಾಟರಿಯಲ್ಲಿ. ತೋಟದ ಅನುಭವಕ್ಕೆ ಅಲ್ಲಿ ಯಾವ ಆದ್ಯತೆಯೂ ಇಲ್ಲ.

ಪೊನ್ನಂಪೇಟೆ ಕಡೆಯ ಒಂದು ಮನೆಗೆ ಏನಾಯಿತು ಎಂದು ಮೊದಲು ಹೇಳುತ್ತೇವೆ. ಹುಡುಗನಿಗೆ 28 ವರ್ಷ, ಡಿಗ್ರಿ ಆಗಿದೆ. ಮೈಸೂರಿನಲ್ಲಿ ಬ್ರಾಂಚ್ ಇಟ್ಟುಕೊಂಡ ಏಜೆನ್ಸಿಯೊಂದು ‘ಬ್ಯಾಲೆಟ್ ಪ್ರೊಸೆಸಿಂಗ್’ ಅಂತ 85 ಸಾವಿರ ತೆಗೆದುಕೊಂಡಿತು. ನೋಂದಣಿಯನ್ನು ಅವರೇ ಮಾಡಿದರು, ಅದರಲ್ಲಿ ಕೊಟ್ಟ ಇಮೇಲ್ ಕೂಡ ಅವರದ್ದೇ. ಹುಡುಗನ ಅದೃಷ್ಟ, ಹೆಸರು ನಿಜವಾಗಿಯೂ ಬಂತು. ಏಜೆಂಟ್ ವಾಟ್ಸಾಪ್‌ನಲ್ಲಿ ‘ಸೆಲೆಕ್ಟ್ ಆಗಿದೆ, ಇನ್ನು 1.6 ಲಕ್ಷ ಕಟ್ಟಿದರೆ ಫೈಲ್ ಮುಂದಕ್ಕೆ’ ಎಂದ. ಆಯ್ಕೆಯ ಪತ್ರವನ್ನು ಮಾತ್ರ ತೋರಿಸಲಿಲ್ಲ. ರೇಟು ಏರಲಿ ಅಂತ ಮನೆಯವರು ರೋಬಸ್ಟಾ ಚೆರಿಯನ್ನು ಗೋದಾಮಿನಲ್ಲೇ ಇಟ್ಟಿದ್ದರು. ಮಾರಿ, ಹಣ ಹೊಂದಿಸುವಷ್ಟರಲ್ಲಿ ಎರಡು ವಾರ ಕಳೆಯಿತು. ಪತ್ರ ಬಂದ ದಿನದಿಂದ 28 ದಿನದೊಳಗೆ ಅರ್ಜಿ ಹಾಕಬೇಕೆಂಬುದು ಅವರಿಗೆ ಗೊತ್ತಾದದ್ದು ಆಮೇಲೆ.

ಅವಸರದಲ್ಲಿ ಏಜೆಂಟ್ ಬ್ಯಾಂಕ್ ಸ್ಟೇಟ್‌ಮೆಂಟನ್ನು ತಾನೇ ‘ರೆಡಿ’ ಮಾಡಿ ಲಗತ್ತಿಸಿದ. ಆ ಪಿಡಿಎಫ್ ಅನ್ನು ಆಮೇಲೆ ನೋಡಿದರೆ, ಬ್ಯಾಲೆನ್ಸ್ ಕಾಲಂನಲ್ಲಿ 3,12,400 ಇದೆ, ಕೆಳಗಿನ ಸಾಲಿನಲ್ಲಿ 2,000 ತೆಗೆದಿದ್ದಾರೆ, ಬ್ಯಾಲೆನ್ಸ್ ಮತ್ತೆ 3,12,400. ಮಾರ್ಚ್ ಕೊನೆಯ ಬಡ್ಡಿ ಜಮೆಯ ಸಾಲೇ ಇಲ್ಲ. ಐಎಫ್‌ಎಸ್‌ಸಿ ಕೋಡ್ ಬೇರೆ ಯಾವುದೋ ಶಾಖೆಯದ್ದು. ಆಸ್ಟ್ರೇಲಿಯಾದ ಗೃಹ ಇಲಾಖೆ ಇಂಥ ಅನುಮಾನ ಬಂದಾಗ ನೇರವಾಗಿ ತಿರಸ್ಕರಿಸುವುದಿಲ್ಲ, ‘ಇದಕ್ಕೆ ನಿಮ್ಮ ವಿವರಣೆ ಏನು’ ಎಂದು ಪತ್ರ ಕಳಿಸುತ್ತದೆ. ಆ ಪತ್ರವೂ ಏಜೆಂಟನ ಇಮೇಲ್‌ಗೇ ಹೋಯಿತು, ಉತ್ತರ ಹೋಗಲಿಲ್ಲ. ಕೊನೆಗೆ 4020 ಎಂಬ ನಿಯಮದಡಿ ಅರ್ಜಿ ತಿರಸ್ಕಾರವಾಯಿತು. ಸುಳ್ಳು ದಾಖಲೆ ಕೊಟ್ಟವರಿಗೆ ಈ ನಿಯಮದಡಿ ಮೂರು ವರ್ಷ ವೀಸಾ ಸಿಗುವುದಿಲ್ಲ. ಗುರುತಿನ ವಿಷಯದಲ್ಲೇ ಸುಳ್ಳಾಗಿದ್ದರೆ ಹತ್ತು ವರ್ಷ. ಬ್ಯಾಲೆಟ್‌ಗೆ ವಯಸ್ಸಿನ ಮಿತಿ 18ರಿಂದ 30. 28ಕ್ಕೆ ಮೂರು ಕೂಡಿಸಿ ನೋಡಿ. ಹೋದ ಎರಡೂವರೆ ಲಕ್ಷವನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದಿತ್ತು, ಆ ಮೂರು ವರ್ಷವನ್ನಲ್ಲ.

ಅರ್ಜಿಗೆ ಸಹಿ ಯಾರದ್ದೋ ಹೊಣೆಯೂ ಅವರದ್ದೇ. ‘ಏಜೆಂಟ್ ಮಾಡಿದ್ದು, ನನಗೆ ಗೊತ್ತಿಲ್ಲ’ ಎಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಈಗ ಅಸಲಿ ದಾರಿ ಎಷ್ಟು ಸಣ್ಣದು ನೋಡಿ. ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು. ಅದರಂತೆ ಭಾರತೀಯರಿಗೆ ವರ್ಷಕ್ಕೆ 1,000 ‘ವರ್ಕ್ ಅಂಡ್ ಹಾಲಿಡೇ’ ವೀಸಾ, ಸಬ್‌ಕ್ಲಾಸ್ 462. ಮೊದಲ ಬ್ಯಾಲೆಟ್ 2024ರ ಅಕ್ಟೋಬರ್ ತಿಂಗಳಿಡೀ ತೆರೆದಿತ್ತು. ಮೊದಲ ಎರಡೇ ವಾರದಲ್ಲಿ ಸುಮಾರು 40,000 ಜನ ಹೆಸರು ಹಾಕಿದ್ದಾರೆ ಎಂದು ಅಲ್ಲಿನ ಸಹಾಯಕ ಸಚಿವರೇ ಹೇಳಿದ್ದರು. ನೋಂದಣಿ ಶುಲ್ಕ 25 ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ಸಾವಿರದ ಐನೂರು ರೂಪಾಯಿ ಆಸುಪಾಸು. ಅಷ್ಟೇ. ಆಯ್ಕೆ ಮಾಡುವುದು ಕಂಪ್ಯೂಟರ್, ಒಬ್ಬರಿಗೆ ಒಂದೇ ನೋಂದಣಿ. ‘ನಮ್ಮ ಕೋಟಾ ಇದೆ’, ‘ಬಲ್ಕ್‌ನಲ್ಲಿ ಹಾಕ್ತೇವೆ’ ಎನ್ನುವುದೆಲ್ಲ ಹಸಿ ಸುಳ್ಳು. ಆದರೂ ಈ ವ್ಯಾಪಾರ ನಡೆಯುವುದು ಹೇಗೆಂದರೆ, ಐನೂರು ಜನರ ಹೆಸರು ಹಾಕಿದವನಿಗೆ ಕೆಲವರ ಹೆಸರಾದರೂ ತಾನಾಗಿಯೇ ಬರುತ್ತದೆ. ಆ ಕೆಲವರ ಫೋಟೊ ಮುಂದಿನ ವರ್ಷದ ಬ್ಯಾನರ್‌ನಲ್ಲಿರುತ್ತದೆ.

ನೋಂದಣಿ ಮಾಡುವುದು ಇಲಾಖೆಯ ಇಮ್ಮಿಅಕೌಂಟ್ ಎಂಬ ಆನ್‌ಲೈನ್ ಖಾತೆಯಲ್ಲಿ. ಪಾಸ್‌ಪೋರ್ಟ್, ಪಾನ್ ಕಾರ್ಡ್, ಅಂತರರಾಷ್ಟ್ರೀಯ ಪಾವತಿ ಆನ್ ಮಾಡಿರುವ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಬೇಕು. ಪಾವತಿ ಫೇಲ್ ಆಗುವುದು ಹೆಚ್ಚಾಗಿ ಈ ಕೊನೆಯದರಿಂದ. ಬ್ಯಾಂಕ್ ಆ್ಯಪ್‌ನಲ್ಲಿ ಆ ಬಟನ್ ಒತ್ತದೆ, ‘ಕಾರ್ಡ್ ತಗೊಳ್ತಿಲ್ಲ’ ಎಂದು ಏಜೆಂಟ್ ಹತ್ತಿರ ಓಡುವವರು ಬೇಕಾದಷ್ಟಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ತೊಡಕಾಗುವುದು ಹೆಸರಿನ ವಿಷಯ. ಕೊಡವರಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಿರುತ್ತಾರೆ, ಪಾನ್‌ನಲ್ಲಿ ಅಪ್ಪನ ಹೆಸರು ಕೊನೆಗೆ ಸೇರಿಕೊಂಡಿರುತ್ತದೆ. ಒಬ್ಬನೇ ಹುಡುಗ ಮೂರು ಕಾಗದದಲ್ಲಿ ಮೂರು ಜನರಂತೆ ಕಾಣುತ್ತಾನೆ. ಅರೆಭಾಷೆ ಗೌಡರ ಮನೆಗಳಲ್ಲೂ ಇದೇ ಪಾಡು. ಬ್ಯಾಲೆಟ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ತುಂಬಬೇಕು. ಏಜೆಂಟ್ ಆಧಾರ್ ನೋಡಿ ತುಂಬುತ್ತಾನೆ, ಆಮೇಲೆ ವೀಸಾ ಅರ್ಜಿಯಲ್ಲಿ ತಾಳೆಯಾಗುವುದಿಲ್ಲ. ಪಾನ್ ತಿದ್ದುಪಡಿಗೆ ವಾರಗಟ್ಟಲೆ ಬೇಕು, ಪಾಸ್‌ಪೋರ್ಟ್ ತಿದ್ದುಪಡಿಗೆ ಇನ್ನೂ ಹೆಚ್ಚು. ಬ್ಯಾಲೆಟ್ ದಿನಾಂಕ ಪ್ರಕಟವಾಗುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಹೆಸರು ಬಂದ ಮೇಲೆ ಸಿಗುವ 28 ದಿನ ಬೆಂಗಳೂರಿನವರಿಗೆ ಸಾಕು, ಮಡಿಕೇರಿಯಿಂದ ಓಡಾಡುವವರಿಗೆ ಬಿಗಿ. ವೀಸಾ ಶುಲ್ಕ 2025ರ ಜುಲೈಯಿಂದ 670 ಡಾಲರ್. ಪ್ರತಿ ಜುಲೈಯಲ್ಲಿ ಬದಲಾಗಬಹುದಾದ್ದರಿಂದ ಇಲಾಖೆಯ ವೆಬ್‌ಸೈಟ್‌ನಲ್ಲೇ ನೋಡಿ. ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದಿದ ದಾಖಲೆ, ಇಂಗ್ಲಿಷ್ ಪುರಾವೆ, 5,000 ಡಾಲರ್ ಮತ್ತು ವಾಪಸ್ ಟಿಕೆಟಿನಷ್ಟು ಹಣ ತೋರಿಸಬೇಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಸರಾಸರಿ 4.5 ಬಂದರೆ ಸಾಕು. ಇದಕ್ಕೆ 40 ಸಾವಿರದ ಕೋಚಿಂಗ್ ಪ್ಯಾಕೇಜ್ ಮಾರುವವರನ್ನು ಕಂಡರೆ ನಗು ಬರುತ್ತದೆ. ಆದರೆ ಪರೀಕ್ಷೆಯ ಸ್ಲಾಟ್ ಮತ್ತು ಫಲಿತಾಂಶಕ್ಕೆ ಸಮಯ ಹಿಡಿಯುವುದರಿಂದ, ಹೆಸರು ಬಂದ ಮೇಲೆ ಬುಕ್ ಮಾಡಿದರೆ ತಡವಾದೀತು. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ ನೀವೇ ಅರ್ಜಿ ಹಾಕಿ, ಮೈಸೂರಿನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬಹುದು. ಬೆರಳಚ್ಚು ಮತ್ತು ವೈದ್ಯಕೀಯ ಪರೀಕ್ಷೆಯನ್ನು ಇಲಾಖೆ ಪತ್ರ ಕೊಟ್ಟ ಮೇಲೆ ಬೆಂಗಳೂರಿನಲ್ಲಿ ಮಾಡಿಸುವುದು. ಅರ್ಜಿ ಹಾಕುವಾಗಲೂ ವೀಸಾ ಸಿಗುವಾಗಲೂ ನೀವು ಆಸ್ಟ್ರೇಲಿಯಾದ ಹೊರಗಿರಬೇಕು. ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲೇ ಬದಲಾಯಿಸ್ತೇವೆ’ ಎನ್ನುವ ಮಾತಿಗೆ ಮರುಳಾಗಬೇಡಿ.

ಹಣ ತೋರಿಸುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸುಳ್ಳು ಸ್ಟೇಟ್‌ಮೆಂಟ್ ಹುಟ್ಟುವುದು ಇಲ್ಲೇ. ಬೆಳೆಗಾರರ ಮನೆಯಲ್ಲಿ ತಿಂಗಳ ಸಂಬಳ ಇಲ್ಲ, ವರ್ಷಕ್ಕೊಮ್ಮೆ ಅಪ್ಪನ ಖಾತೆಗೆ ಇಡಿಗಂಟು ಬೀಳುತ್ತದೆ. ಹುಡುಗನ ಖಾತೆಯಲ್ಲಿ ನಾಲ್ಕು ಸಾವಿರ. ಇದಕ್ಕೆ ನಕಲಿ ಕಾಗದ ಬೇಕಾಗಿಲ್ಲ. ಅಪ್ಪನ ಖಾತೆಯಿಂದ ಮಗನ ಖಾತೆಗೆ ಬ್ಯಾಂಕ್ ಮೂಲಕವೇ ಹಾಕಿ, ಕ್ಯಾಶ್ ಬೇಡ. ಜೊತೆಗೆ ಎಷ್ಟು ಚೀಲ, ಐವತ್ತು ಕೆ.ಜಿ.ಗೆ ಯಾವ ದರ ಎಂದು ಬರೆದ ವ್ಯಾಪಾರಿಯ ಬಿಲ್, ಆ ಹಣ ಜಮೆಯಾದ ಅಪ್ಪನ ಸ್ಟೇಟ್‌ಮೆಂಟ್, ತೋಟದ ಆರ್‌ಟಿಸಿ, ‘ಮಗನಿಗೆ ಕೊಟ್ಟಿದ್ದೇನೆ, ವಾಪಸ್ ಕೇಳುವುದಿಲ್ಲ’ ಎಂಬ ಒಂದು ಪುಟದ ಪತ್ರ ಇಡಿ. ಕೊಡಗಿನ ಪಾರಂಪರಿಕ ಹಿಡುವಳಿಯಾದ ಜಮ್ಮಾ ಬಾಣೆಯ ಆರ್‌ಟಿಸಿಯಲ್ಲಿ ಒಕ್ಕದ, ಅಂದರೆ ಮನೆತನದ, ಹತ್ತಾರು ಹೆಸರುಗಳಿದ್ದರೆ ಗಾಬರಿಯಾಗಬೇಡಿ. ಇಲ್ಲಿ ಬೇಕಾದ್ದು ಹಣ ಎಲ್ಲಿಂದ ಬಂತು ಎಂಬ ವಿವರಣೆ, ಜಾಗದ ಹಕ್ಕಲ್ಲ. ಅದೇ ಕಾರಣಕ್ಕೆ ಹದಿನೈದು ಸಾವಿರ ಕೊಟ್ಟು ಮಾಡಿಸುವ ತೋಟದ ವ್ಯಾಲ್ಯುಯೇಷನ್ ಸರ್ಟಿಫಿಕೇಟ್ ದಂಡ.

ಬ್ರಿಟನ್ನಿನ ‘ಯಂಗ್ ಪ್ರೊಫೆಷನಲ್ಸ್ ಸ್ಕೀಮ್’ ಹೆಸರಿನಲ್ಲೂ ಇದೇ ಆಟ. ವರ್ಷಕ್ಕೆ 3,000 ವೀಸಾ, ಎರಡು ವರ್ಷ ಇರಬಹುದು, 18ರಿಂದ 30 ವಯಸ್ಸು, ಡಿಗ್ರಿ ಕಡ್ಡಾಯ. ಅದರ ಬ್ಯಾಲೆಟ್ ಪೂರ್ತಿ ಉಚಿತ, ಆದ್ದರಿಂದ ಅಲ್ಲಿ ಯಾರಾದರೂ ‘ಬ್ಯಾಲೆಟ್ ಫೀ’ ಎಂದರೆ ಎದ್ದು ಬನ್ನಿ. ಈ ವೀಸಾಗೆ ಇಂಗ್ಲಿಷ್ ಪರೀಕ್ಷೆಯೇ ಬೇಡ, ಆದರೂ ಐಇಎಲ್‌ಟಿಎಸ್ ಮಾಡಿಸುತ್ತಾರೆ. 2,530 ಪೌಂಡ್ ಸತತ 28 ದಿನ ಅರ್ಜಿದಾರರ ಸ್ವಂತ ಖಾತೆಯಲ್ಲಿ ಇರಬೇಕು. ನಡುವೆ ಒಂದು ದಿನ ಒಂದು ಪೌಂಡ್ ಕೆಳಗಿಳಿದರೂ ಎಣಿಕೆ ಮತ್ತೆ ಮೊದಲಿನಿಂದ. ರೂಪಾಯಿ ಮೌಲ್ಯ ಏರಿಳಿಯುವುದರಿಂದ ಹತ್ತಿಪ್ಪತ್ತು ಸಾವಿರ ಜಾಸ್ತಿ ಇಡುವುದು ಒಳ್ಳೆಯದು. ಅಪ್ಪನ ಖಾತೆ ಇಲ್ಲಿ ನಡೆಯುವುದಿಲ್ಲ. ಶುಲ್ಕ 2025ರ ಏಪ್ರಿಲ್‌ನಲ್ಲಿ 319 ಪೌಂಡ್ ಆಗಿತ್ತು, ಜೊತೆಗೆ ಆರೋಗ್ಯ ಶುಲ್ಕ ಎರಡು ವರ್ಷಕ್ಕೆ 1,552. ಕ್ಷಯರೋಗ ಪರೀಕ್ಷೆಯ ಸರ್ಟಿಫಿಕೇಟ್ ಬೇರೆ. ಇಲ್ಲಿ ಸುಳ್ಳು ದಾಖಲೆಗೆ ಹತ್ತು ವರ್ಷದವರೆಗೆ ನಿಷೇಧ.

ಈ ಬ್ಯಾಲೆಟ್ ಸಾಮಾನ್ಯವಾಗಿ ಫೆಬ್ರವರಿ ಮತ್ತು ಜುಲೈಯಲ್ಲಿ, ತೆರೆದಿರುವುದು 48 ಗಂಟೆ ಮಾತ್ರ. ಜುಲೈ ಎಂದರೆ ನಮ್ಮಲ್ಲಿ ಕಕ್ಕಡದ ಮಳೆ. ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಟವರ್ ಬ್ಯಾಟರಿ ಖಾಲಿ. ‘ನೆಟ್‌ವರ್ಕ್ ಇಲ್ಲ ಅಂತ ಏಜೆಂಟ್‌ಗೆ ಕೊಟ್ಟೆವು’ ಎನ್ನುವುದು ನಾವು ಹೆಚ್ಚಾಗಿ ಕೇಳುವ ಕಾರಣ. ಫಾರ್ಮ್ ತುಂಬಲು ಬೇಕಾದ್ದು ಹತ್ತು ನಿಮಿಷ, ಆ ಎರಡು ದಿನ ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದರೆ ಮುಗಿಯಿತು.

ಕೆಲಸದ ಆಮಿಷದ ಬಗ್ಗೆ ಒಂದು ಮಾತು. 462 ವೀಸಾಗೆ ಕೆಲಸ ಅಂಟಿಕೊಂಡಿರುವುದಿಲ್ಲ, ಹೋದ ಮೇಲೆ ನೀವೇ ಹುಡುಕಬೇಕು. ವೀಸಾ ಇರುವುದು 12 ತಿಂಗಳಿಗೆ, ಕೃಷಿಯಂಥ ಕೆಲವು ಕೆಲಸಗಳನ್ನು ಬಿಟ್ಟರೆ, ಇಲಾಖೆಯ ಅನುಮತಿ ಇಲ್ಲದೆ ಒಬ್ಬ ಮಾಲೀಕನ ಹತ್ತಿರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ವೀಸಾವೇ 12 ತಿಂಗಳದ್ದಾದ್ದರಿಂದ ‘ಎರಡು ವರ್ಷದ ಫಾರ್ಮ್ ಕಾಂಟ್ರಾಕ್ಟ್’ ಎಂಬ ಆಫರ್ ಲೆಟರ್ ಕೈಗೆ ಬಂದರೆ ಅದು ನಕಲಿ ಎನ್ನಲು ಬೇರೆ ಸಾಕ್ಷಿ ಬೇಡ. ವಿದೇಶದಲ್ಲಿ ಕೆಲಸ ಕೊಡಿಸುತ್ತೇನೆಂದು ಹಣ ಪಡೆಯುವವನಿಗೆ 1983ರ ವಲಸೆ ಕಾಯ್ದೆಯಡಿ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿ. ಲೈಸೆನ್ಸ್ ಇದ್ದರೂ ಅವನು ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ. ಪಾಸ್‌ಪೋರ್ಟ್‌ಗೆ ಆಸ್ಟ್ರೇಲಿಯಾದ ವೀಸಾ ಸ್ಟಿಕರ್ ಅಂಟಿಸಿಕೊಟ್ಟರೆ ನೇರ ಪೊಲೀಸರ ಹತ್ತಿರ ಹೋಗಿ, 2015ರ ಸೆಪ್ಟೆಂಬರ್‌ನಿಂದ ಅವರು ಸ್ಟಿಕರ್ ಕೊಡುವುದನ್ನೇ ನಿಲ್ಲಿಸಿದ್ದಾರೆ. ವೀಸಾ ಇದೆಯೋ ಇಲ್ಲವೋ ಎಂದು ವೆವೊ ಎಂಬ ಉಚಿತ ಸೇವೆಯಲ್ಲಿ ನೀವೇ ನೋಡಬಹುದು.

ಸಹಾಯ ಬೇಕೇ ಬೇಕು ಎನ್ನುವವರು ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಮೈಗ್ರೇಷನ್ ಏಜೆಂಟರನ್ನೇ ಹಿಡಿಯಿರಿ, ಅವರಿಗೆ ಏಳಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಭಾರತದಲ್ಲಿ ಕೂತವರಿಗೆ ಆ ನೋಂದಣಿ ಕಡ್ಡಾಯವಲ್ಲ, ಬೋರ್ಡ್ ಹಾಕಿದ ಯಾರು ಬೇಕಾದರೂ ಕನ್ಸಲ್ಟೆಂಟ್. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ, ಅರ್ಜಿಗೆ ಬೇಕಾದ್ದು ಸ್ಕ್ಯಾನ್ ಮಾತ್ರ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಹಣದ ಚಿಂತೆ ಬಿಟ್ಟು ಅರ್ಜಿಯನ್ನು ಕೈಗೆ ತೆಗೆದುಕೊಳ್ಳಿ. ಸ್ವಂತ ಇಮೇಲ್‌ನಿಂದ ಹೊಸ ಇಮ್ಮಿಅಕೌಂಟ್ ತೆರೆದು, ಟಿಆರ್‌ಎನ್ ಎಂಬ ಅರ್ಜಿ ಸಂಖ್ಯೆ ಮತ್ತು ಪಾಸ್‌ಪೋರ್ಟ್ ವಿವರ ಹಾಕಿದರೆ ಏಜೆಂಟ್ ಸಲ್ಲಿಸಿದ ಅರ್ಜಿಯನ್ನು ಅಲ್ಲಿಗೆ ಇಂಪೋರ್ಟ್ ಮಾಡಿಕೊಳ್ಳಬಹುದು. ಟಿಆರ್‌ಎನ್ ಕೊಡಲು ಏಜೆಂಟ್ ಸತಾಯಿಸಿದರೆ ಅದಕ್ಕೊಂದು ಕಾರಣ ಇದೆ ಅಂತಲೇ ಅರ್ಥ. ನಿಮ್ಮ ಪರವಾಗಿ ಪತ್ರ ಪಡೆಯುವ ಅಧಿಕಾರ ಅವನಿಗೆ ಕೊಟ್ಟಿದ್ದರೆ ಫಾರ್ಮ್ 956 ಅಥವಾ 956ಎ ಮೂಲಕ ವಾಪಸ್ ಪಡೆಯಿರಿ. ಲಗತ್ತಿಸಿದ ಕಾಗದಗಳಲ್ಲಿ ನಿಮ್ಮದಲ್ಲದ್ದು ಕಂಡರೆ ಫಾರ್ಮ್ 1023ರಲ್ಲಿ ಇಲಾಖೆಗೆ ತಿಳಿಸಿ, ಅವರಾಗಿ ಕೇಳುವ ಮೊದಲು. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಮಡಿಕೇರಿಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ದೂರು ಕೊಡಿ. ವಾಟ್ಸಾಪ್ ಚಾಟ್ ಎಕ್ಸ್‌ಪೋರ್ಟ್ ಮಾಡಿ, ವಾಯ್ಸ್ ಮೆಸೇಜುಗಳನ್ನೂ ಸೇರಿಸಿ ಇಟ್ಟುಕೊಳ್ಳಿ. ರಸೀದಿಯಲ್ಲಿ ಹೆಚ್ಚಾಗಿ ‘ಕನ್ಸಲ್ಟೇಷನ್’ ಎಂದಷ್ಟೇ ಬರೆದಿರುತ್ತಾರೆ, ‘ಗ್ಯಾರಂಟಿ’ ಎಂದು ಬಾಯಿಬಿಟ್ಟಿರುವುದು ಆ ವಾಯ್ಸ್ ಮೆಸೇಜುಗಳಲ್ಲೇ.